ಪಾಯಿನ್ಸೆಟಿಯಾದ ಸೂತಕ

ನನ್ನ ಗಂಡ ರಮಾನಾಥ ಬ್ಯಾಂಕಿಗೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಯಾರ ಬಾಯಿಮಾತನ್ನೂ ನಂಬಿ ಸಹಿ ಹಾಕಬೇಡಿ ಎಂದು ಹೊಸಬರಿಗೆ ಪಾಠ ಹೇಳುವುದು ಅವರ ಕೆಲಸದ ಒಂದು ಭಾಗ. ತಮ್ಮ ಬಾಯಿಮಾತನ್ನು ತಾವೇ ನಂಬಬಾರದು ಎಂಬ ಅಧ್ಯಾಯ ಮಾತ್ರ ಆ ಪಾಠದಲ್ಲಿ ಇದ್ದಂತಿಲ್ಲ.

ಏಪ್ರಿಲ್ ತಿಂಗಳು, ಬಂಗಾಳಿಗಳ ಹೊಸ ವರ್ಷದ ದಿನ. ಕೆಳಗಿನ ಮನೆಯ ಮಾಶಿಮಾ ನಮ್ಮನ್ನು ಸಂದೇಶ್ ಮಿಠಾಯಿ ತಿನ್ನಲು ಕರೆದಿದ್ದರು. ಮಾಶಿಮಾ ಎಂದರೆ ಚಿಕ್ಕಮ್ಮ. ಗಲ್ಲಿಗೆಲ್ಲ ಅವರು ಚಿಕ್ಕಮ್ಮ, ನಮಗೆ ಚಿಕ್ಕಮ್ಮನೂ ಹೌದು, ಮನೆಯ ಒಡತಿಯೂ ಹೌದು. ಕೋಲ್ಕತ್ತಾದ ಸದರ್ನ್ ಅವೆನ್ಯೂವಿನ ಹಿಂದಿನ ಗಲ್ಲಿಯಲ್ಲಿ ಹಳೆಯ ಎರಡಂತಸ್ತಿನ ಮನೆ. ಕೆಳಗೆ ಅವರು, ಮೇಲೆ ನಾವು. ಫೆಬ್ರವರಿಯಲ್ಲಿ ಅವರ ಗಂಡ ತೀರಿಕೊಂಡಿದ್ದರು.

ಅವರ ಕಿಟಕಿಯ ಬುಡದಲ್ಲಿ ಒಂದು ಕುಂಡ, ಅದರಲ್ಲಿ ನಾಲ್ಕು ಒಣಕಡ್ಡಿಗಳು. "ಲಾಲ್‌ಪಾತಾ," ಎಂದರು ಮಾಶಿಮಾ. ಪಾಯಿನ್ಸೆಟಿಯಾಕ್ಕೆ ಇಲ್ಲಿಯವರು ಇಟ್ಟ ಹೆಸರು, ಕೆಂಪೆಲೆ. "ಕ್ರಿಸ್‌ಮಸ್ಸಿಗೆ ನ್ಯೂ ಮಾರ್ಕೆಟ್ಟಿನಿಂದ ಅವರು ಹೊತ್ತು ತಂದದ್ದು. ಅವರು ಮನೆಗೆ ತಂದ ಕೊನೆಯ ಸಾಮಾನು. ಈಗ ಅದೂ ಹೋಯಿತು."

ಇಂಥ ಮಾತು ಬಂದಾಗ ತಿಳಿದವರು ಇನ್ನೊಂದು ಸಂದೇಶ್ ಬಾಯಿಗೆ ಹಾಕಿಕೊಂಡು ಸುಮ್ಮನಿರುತ್ತಾರೆ. ನಮ್ಮವರು ಬಾಯಿ ಖಾಲಿ ಇಟ್ಟುಕೊಂಡರು.

"ಹೋಗುವುದೆಲ್ಲಿಗೆ ಮಾಶಿಮಾ? ನಮ್ಮ ಊರಿನಲ್ಲಿ ಇದು ಬೇಲಿಯ ಗಿಡ. ಕಡಿದು ಬಿಸಾಡಿದರೂ ಬರ್ತದೆ. ಡಿಸೆಂಬರಿಗೆ ಕೆಂಪು ಮಾಡಿ ಕೊಡುವ ಜವಾಬ್ದಾರಿ ನನ್ನದು."

ಕುಂದಾಪುರದ ಅವರ ಮನೆಗೆ ಬೇಲಿ ಇಲ್ಲ. ಕಲ್ಲಿನ ಕಾಂಪೌಂಡು ಉಂಟು.

ಮಾಶಿಮಾ ತುಂಬ ಹೊತ್ತು ಕಡ್ಡಿಗಳನ್ನೇ ನೋಡಿದರು. ಅವರ ಮಗ ಪಾರ್ಥ ಸಾಲ್ಟ್ ಲೇಕಿನಲ್ಲಿದ್ದಾನೆ. ಈ ಮನೆಯನ್ನು ಕಟ್ಟಡ ಕಟ್ಟುವವರಿಗೆ ಕೊಟ್ಟುಬಿಡು, ನನ್ನ ಫ್ಲ್ಯಾಟಿಗೆ ಬಾ ಎಂದು ಎರಡು ತಿಂಗಳಿಂದ ಬೆನ್ನು ಬಿದ್ದಿದ್ದ.

"ಸರಿ ರಮಾನಾಥ," ಎಂದರು ಮಾಶಿಮಾ. "ಕ್ರಿಸ್‌ಮಸ್ ದಿವಸ ಇದು ಕೆಂಪಾದರೆ, ಇಲ್ಲೇ ಇರು ಎಂದು ಅವರೇ ಹೇಳಿದ ಹಾಗೆ. ನಾನು ಈ ಮನೆ ಬಿಡುವುದಿಲ್ಲ. ಕೆಂಪಾಗದಿದ್ದರೆ ಪಾರ್ಥ ತೋರಿಸಿದ ಕಡೆ ಸಹಿ ಹಾಕುತ್ತೇನೆ."

ನನ್ನ ಕೈಯ ಸಂದೇಶ್ ಕೈಯಲ್ಲೇ ಉಳಿಯಿತು. ಮಗ ಅಶ್ವಿತ್ ಬರುವ ಮಾರ್ಚಿನಲ್ಲಿ ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆಗೆ ಕೂರಬೇಕು. ಅವನ ಶಾಲೆ, ಮಗಳು ಕ್ಷಮಾಳ ಶಾಲೆ, ನಾನು ಗಣಿತ ಕಲಿಸುವ ಶಾಲೆ, ಮೂರಕ್ಕೂ ಇಲ್ಲಿಂದ ನಡೆದೇ ಹೋಗಬಹುದು. ಮದುವೆಯಾದ ಮೇಲೆ ವರ್ಗಾವಣೆಯ ಹಿಂದೆ ಐದು ಊರು, ಏಳು ಮನೆ ಕಂಡಿದ್ದೇನೆ. ಎಂಟನೆಯ ಮನೆ ಹುಡುಕಲು ನನ್ನ ಕಾಲು ಒಪ್ಪುವುದಿಲ್ಲ. ಆ ಸಂಜೆಯಿಂದ ನಮ್ಮ ಸಂಸಾರ ನಾಲ್ಕು ಒಣಕಡ್ಡಿಗಳ ಮೇಲೆ ನಿಂತಿತು.

ಒಂದು ಮಾತು ಒಪ್ಪಬೇಕು, ಕಡ್ಡಿಗಳು ಚಿಗುರಿದವು. ನಮ್ಮವರು ಅವನ್ನು ಗೇಣುದ್ದಕ್ಕೆ ಕತ್ತರಿಸಿ, ಕೈಗೆಲ್ಲ ಬಿಳಿ ಹಾಲು ಮೆತ್ತಿಕೊಂಡು, ಮೇಲೆ ನಮ್ಮ ಬಾಲ್ಕನಿಯಲ್ಲಿ ಸಿಮೆಂಟಿನ ದೊಡ್ಡ ತೊಟ್ಟಿಗೆ ಬದಲಿಸಿದ್ದರು. ಮಳೆಗಾಲ ಮುಗಿಯುವಾಗ ಗಿಡ ನಾಲ್ಕಡಿ ಎತ್ತರ ಬೆಳೆದು ಗಲ್ಲಿಯ ಕಡೆಯ ಬಾಲ್ಕನಿಯನ್ನೆಲ್ಲ ತುಂಬಿತು. ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ಮ ಊರಿನ ಕೈಗುಣ," ಎನ್ನುತ್ತಿದ್ದರು. ಸೆಪ್ಟೆಂಬರ್ ಮುಗಿಯುತ್ತ ಬಂದರೂ ಗಿಡ ಬಸಳೆಯಂತೆ ಹಸಿರಾಗಿಯೇ ಇತ್ತು. ಆಗ ಅವರಿಗೆ ಮೊದಲ ಬಾರಿ ಸಂಶಯ ಬಂದು, ಹನ್ನೆರಡು ವರ್ಷದ ಕ್ಷಮಾಳನ್ನು ಕರೆದು ಫೋನಿನಲ್ಲಿ ಹುಡುಕಿಸಿದರು.

"ಪಪ್ಪಾ, ಇದು ಫ್ಲವರೇ ಅಲ್ವಂತೆ. ರೆಡ್ ಇರೋದು ಲೀವ್ಸ್," ಎಂದಳು ಅವಳು. "ನೈಟ್ ಲಾಂಗ್ ಇದ್ರೆ ಮಾತ್ರ ರೆಡ್ ಆಗೋದು. ಡೈಲಿ ಫೋರ್ಟೀನ್ ಅವರ್ಸ್ ಫುಲ್ ಡಾರ್ಕ್ ಬೇಕು. ಅಕ್ಟೋಬರ್ ಫಸ್ಟಿಂದ ಟೂ ಮಂತ್ಸ್."

"ಹದಿನಾಲ್ಕು ಗಂಟೆ?"

"ಮಧ್ಯದಲ್ಲಿ ಸ್ವಲ್ಪ ಲೈಟ್ ಬಿದ್ರೂ ಗಾನ್."

ಸಂಜೆ ಐದರಿಂದ ಬೆಳಿಗ್ಗೆ ಏಳರ ತನಕ ಕತ್ತಲೆ. ಅದೂ ಅಕ್ಟೋಬರಿನಲ್ಲಿ, ಅದೂ ಕೋಲ್ಕತ್ತಾದಲ್ಲಿ. ಲೋಕದಲ್ಲಿ ಬೇರೆಲ್ಲಿ ಕತ್ತಲೆ ಸಿಕ್ಕಿದರೂ ದುರ್ಗಾಪೂಜೆಯ ತಿಂಗಳಲ್ಲಿ ಈ ಊರಿನಲ್ಲಿ ಸಿಗುವುದಿಲ್ಲ. ಇಲ್ಲಿ ಆಗ ಕಾಗೆಗಳೇ ರಾತ್ರಿಯೋ ಹಗಲೋ ತಿಳಿಯದೆ ಕೂಗುತ್ತಿರುತ್ತವೆ.

ಮೊದಲು ಗಿಡ ಬಚ್ಚಲುಮನೆಗೆ ಹೋಯಿತು. ಐದರ ನಂತರ ಅಲ್ಲಿಗೆ ಹೋಗುವವರು ದೀಪ ಹಾಕದೆ ಗೋಡೆ ತಡವಿಕೊಂಡು ಹೋಗಬೇಕು. ಎರಡನೆಯ ದಿನ ಅಶ್ವಿತ್ ಫೋನಿನ ಟಾರ್ಚ್ ಹಾಕಿ ಸಿಕ್ಕಿಬಿದ್ದ. ಬ್ಯಾಂಕಿನ ಸ್ಟ್ರಾಂಗ್ ರೂಮಿನಲ್ಲಿ ಸಿಕ್ಕಿದವನಿಗೂ ಅಷ್ಟು ಬೈಗುಳ ಸಿಗಲಾರದು. ನಾಲ್ಕನೆಯ ದಿನ ನಮ್ಮವರೇ ಕತ್ತಲೆಯಲ್ಲಿ ಸಾಬೂನಿನ ಮೇಲೆ ಕಾಲಿಟ್ಟು ಸೊಂಟ ಉಳುಕಿಸಿಕೊಂಡರು. ಅಲ್ಲಿಗೆ ತೊಟ್ಟಿ ಎಳೆಯುವ ಆಟ ಮುಗಿಯಿತು. ಗಿಡ ಬಾಲ್ಕನಿಗೆ ಮರಳಿತು. ಗರಿಯಾಹಾಟಿನಿಂದ ಹನ್ನೆರಡು ಮೀಟರ್ ಕಪ್ಪು ಬಟ್ಟೆ ತಂದು ಬಾಲ್ಕನಿಯ ಸರಳುಗಳಿಗೆ ಕಟ್ಟಿ ಡೇರೆ ಮಾಡಿದೆವು. ಎರಡು ಪದರ ಹಾಕಿದರೆ ಗಾಳಿಯಿಲ್ಲದೆ ಎಲೆ ಉದುರುತ್ತಿತ್ತು, ಹಾಗಾಗಿ ಒಂದೇ ಪದರ. ಬೀದಿದೀಪಕ್ಕೆ ಅದು ಸಾಕಾಗಿತ್ತು.

ಆನೆಗೆ ಸಾಕಾಗಲಿಲ್ಲ. ಪೂಜೆಗೆ ವಾರವಿದೆ ಎನ್ನುವಾಗ ಪೂಜಾ ಸಮಿತಿಯವರು ನಮ್ಮ ಬಾಲ್ಕನಿಗೆ ನೇರ ಎದುರು, ಬಿದಿರಿನ ಚೌಕಟ್ಟಿಗೆ, ಹದಿನೈದು ಅಡಿಯ ದೀಪದ ಆನೆಯನ್ನು ಕಟ್ಟಿದರು. ಅದು ಸೊಂಡಿಲೆತ್ತಿ ನೀಲಿ, ಹಸಿರು, ಹಳದಿ ಬೆಳಕಿನ ನೀರನ್ನು ಚಿಮ್ಮಿಸುತ್ತಿತ್ತು. ಪ್ರತಿ ಚಿಮ್ಮಿಗೂ ನಮ್ಮ ಕಪ್ಪು ಬಟ್ಟೆ ಕಾಫಿ ಸೋಸುವ ಬಟ್ಟೆಯಾಗಿ, ಒಳಗಿನ ಎಲೆಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತು.

ನಮ್ಮವರು ಸೊಂಟ ಹಿಡಿದುಕೊಂಡು ಪೆಂಡಾಲಿಗೆ ಇಳಿದರು. ಅಲ್ಲಿ ನಡೆದದ್ದನ್ನು ಅವರ ಬಾಯಿಂದ ಹೊರಡಿಸಲು ನನಗೆ ಆಮೇಲೆ ಎರಡು ದಿನ ಹಿಡಿಯಿತು.

ಸಮಿತಿಯ ಕಾರ್ಯದರ್ಶಿ ಬಾಬ್ಲುದಾ, ಅಂದರೆ ಬಾಬ್ಲು ಅಣ್ಣ. ಇವರು ಹೋಗಿ, "ದಾದಾ, ಆ ಆನೆಯನ್ನು ಸ್ವಲ್ಪ ಆರಿಸಬಹುದಾ?" ಎಂದು ಕೇಳಿದ್ದಾರೆ. ಬಾಬ್ಲುದಾ ತಲೆಯೆತ್ತಿ ನಮ್ಮ ಬಾಲ್ಕನಿ ನೋಡಿದ್ದಾರೆ.

"ಕಪ್ಪು ಬಟ್ಟೆ ಕಟ್ಟಿದ್ದೀರಿ. ಈಗ ದೀಪ ಬೇಡ ಅನ್ನುತ್ತೀರಿ. ಇದು ಪ್ರತಿಭಟನೆಯಾ ದಾದಾ? ಯಾವ ಪಾರ್ಟಿಯದ್ದು?"

ಸರ್ಕಾರಿ ಬ್ಯಾಂಕಿನ ಅಧಿಕಾರಿ, ಹೊರ ರಾಜ್ಯದವರು, ದುರ್ಗಾಪೂಜೆಯ ವಿರುದ್ಧ ಕಪ್ಪು ಬಾವುಟ. ಬಿಬಿಡಿ ಬಾಗಿನ ಕಚೇರಿಯಲ್ಲಿ ತಮಗೆ ಬರುವ ನೋಟಿಸು ನಮ್ಮವರ ಕಣ್ಣಿಗೆ ಕಟ್ಟಿತು. ಗಿಡಕ್ಕಾಗಿ ಎಂದು ಹೇಳಬಹುದಿತ್ತು. ಆದರೆ ಅದು ಮಾಶಿಮಾರ ಕಿವಿಗೆ ಬಿದ್ದರೆ, ಗಂಡ ಹೇಳಬೇಕಾದ ಮಾತನ್ನು ಬಾಡಿಗೆಯವನು ಬಟ್ಟೆ ಕಟ್ಟಿ ಹೇಳಿಸುತ್ತಿದ್ದಾನೆ ಎಂದಾಗುತ್ತದೆ.

"ಪ್ರತಿಭಟನೆ ಅಲ್ಲ, ಖಂಡಿತ ಅಲ್ಲ."

"ಹಾಗಾದರೆ?" ಬಾಬ್ಲುದಾರ ಮುಖ ಬದಲಾಯಿತು. ಸ್ವರ ಇಳಿಯಿತು. "ಮನೆಯಲ್ಲಿ ಅಶೌಚವಾ?"

ಅಶೌಚ ಎಂದರೆ ಸೂತಕ. ಸೂತಕದ ಮನೆಯೆದುರು ಹಬ್ಬದ ದೀಪ ಹಚ್ಚುವುದಿಲ್ಲ, ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ಪ್ರತಿಭಟನೆಯ ಹೊಂಡದಿಂದ ಹಾರಿದ ನಮ್ಮವರು ನೇರ ಸೂತಕದ ಬಾವಿಗೆ ಬಿದ್ದರು. ತಲೆ ಆಡಿಸಿದರು.

"ಅಯ್ಯೋ. ಯಾರು? ಅಮ್ಮನಾ?"

ಅಡ್ಡ ತಲೆ ಆಡಿಸಿದರು.

"ಮಾವನವರಾ?"

ಉದ್ದ ತಲೆ ಆಡಿಸಿದರು.

ಇದೊಂದೂ ಗೊತ್ತಿಲ್ಲದ ನಾನು ಸಂಜೆ ಐದೂವರೆಗೆ ಗಲ್ಲಿಯ ತಿರುವಿಗೆ ಬಂದೆ. ಒಂದು ಕೈಯಲ್ಲಿ ತಿದ್ದಬೇಕಾದ ಉತ್ತರಪತ್ರಿಕೆ, ಇನ್ನೊಂದರಲ್ಲಿ ಲೇಕ್ ಮಾರ್ಕೆಟ್ಟಿನ ಅರ್ಧ ಕಿಲೋ ಮೀನು. ನಮ್ಮ ಗೇಟಿನ ಹತ್ತಿರ ಎದುರು ಮನೆಯ ರುಮಾ ಬೌದಿ ಏಳೆಂಟು ಹೆಂಗಸರೊಂದಿಗೆ ನಿಂತಿದ್ದರು. ಬೌದಿ ಎಂದರೆ ಅತ್ತಿಗೆ. ನನ್ನನ್ನು ಕಂಡು ಎಲ್ಲರೂ ಮಾತು ನಿಲ್ಲಿಸಿದರು. ಬೌದಿ ಬಂದು ನನ್ನ ಕೈಯಿಂದ ಮೀನಿನ ಚೀಲ ತೆಗೆದು ಹಿಂದೆ ನಿಂತವರಿಗೆ ದಾಟಿಸಿದರು. ಆ ಮೀನನ್ನು ನಾನು ಮತ್ತೆ ಕಾಣಲಿಲ್ಲ.

"ಮನಸ್ಸು ಗಟ್ಟಿ ಮಾಡಿಕೋ ಆಶಾ," ಎಂದರು. "ನಿನ್ನ ಅಪ್ಪ ಹೋದ ಸುದ್ದಿ ರಮಾನಾಥ ಈಗಷ್ಟೇ ಹೇಳಿದರು."

ಮುಂದಿನ ಹತ್ತು ನಿಮಿಷವನ್ನು ನಗುವಂತೆ ಬರೆಯಲು ನನಗೆ ಬರುವುದಿಲ್ಲ. ಅಪ್ಪನಿಗೆ ಎ‌ಪ್ಪತ್ತಾರು. ದಿನಾ ಬೆಳಿಗ್ಗೆ ಬರುವ ಫೋನು ಆ ದಿನ ಬಂದಿರಲಿಲ್ಲ. ನಾನು ಗೇಟಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಉತ್ತರಪತ್ರಿಕೆಗಳು ಗಲ್ಲಿಯಲ್ಲೆಲ್ಲ ಹರಡಿದವು. ಬೌದಿ ನನ್ನ ತಲೆಯನ್ನು ಹೆಗಲಿಗೆ ಒತ್ತಿಕೊಂಡು ನನಗಿಂತ ಜೋರಾಗಿ ಅತ್ತರು.

ಆಗ ಚೀಲದೊಳಗೆ ಫೋನು ಬಡಿದುಕೊಂಡಿತು. ತೆಗೆದು ನೋಡಿದರೆ ಅಪ್ಪ.

"ಆಶಾ, ಶಾಲೆಯಿಂದ ಬಂದಾಯ್ತಾ?"

"ಅಪ್ಪಾ."

"ಎಂತ ಸ್ವರ ಹಾಗುಂಟು? ಶೀತವಾ?"

"ಅಪ್ಪಾ, ನೀವು ಇದ್ದೀರಾ?"

"ಇಲ್ಲದೆ ಎಲ್ಲಿಗೆ ಹೋಗ್ಲಿ? ಟಿಕೆಟ್ ಕನ್ಫರ್ಮ್ ಆಯ್ತು ಅಂತ ಹೇಳ್ಲಿಕ್ಕೆ ಮಾಡಿದ್ದು. ಸಪ್ತಮಿ ದಿವಸ ಬೆಳಿಗ್ಗೆ ಹೌರಾ. ಈ ಸಲ ಪೂಜೆ ನೋಡದೆ ಬಿಡುದಿಲ್ಲ."

ಸುತ್ತ ನಿಂತವರಿಗೆ ಕನ್ನಡ ಬರುವುದಿಲ್ಲ. ಅವರಿಗೆ ಕಂಡದ್ದು ಇಷ್ಟು: ತಂದೆಯನ್ನು ಕಳೆದುಕೊಂಡವಳು ಫೋನನ್ನು ಕಿವಿಗೆ ಹಿಡಿದು ಅಪ್ಪಾ ಅಪ್ಪಾ ಎಂದು ಕರೆಯುತ್ತಿದ್ದಾಳೆ, ಅಳುತ್ತಿದ್ದಾಳೆ, ನಡುವೆ ನಗುತ್ತಿದ್ದಾಳೆ. "ತಲೆಗೆ ಹತ್ತಿತು," ಎಂದು ಒಬ್ಬರು ಪಿಸುಗುಟ್ಟಿದರು. ಇನ್ನೊಬ್ಬರು ನನ್ನ ನೆತ್ತಿಗೆ ನೀರು ತಟ್ಟಿದರು. ಬೌದಿ ಮೆಲ್ಲಗೆ ಫೋನು ಬಿಡಿಸಿಕೊಂಡು, ಆರಿಸಿ, ಚೀಲಕ್ಕೆ ಹಾಕಿದರು.

ಮೇಲೆ ಬಂದಾಗ ನಮ್ಮವರು ಡೇರೆಯ ಬಾಯಿ ಕಟ್ಟುತ್ತಿದ್ದರು.

"ಅಲ್ಲ, ನನ್ನ ಅಪ್ಪನನ್ನು ಎಂತ ಮಾಡಿದ್ದು ನೀವು?"

"ನಾನೆಂತ ಮಾಡಿದ್ದು ಮಾರಾಯ್ತಿ. ಬಾಬ್ಲುದಾ ಕೇಳಿದ, ನಾನು ತಲೆ ಆಡಿಸಿದೆ. ಬಾಯಲ್ಲಿ ಒಂದಕ್ಷರ ಹೇಳ್ಲಿಲ್ಲ."

"ಸಾಯಿಸ್ಲಿಕ್ಕೆ ನಿಮ್ಮ ಕಡೆ ಯಾರೂ ಸಿಗ್ಲಿಲ್ವಾ?"

"ನನ್ನ ಅಪ್ಪ ಮೊದಲೇ ಹೋಗಿಯಾಗಿದೆ. ಅಮ್ಮನಿಗೆ ತಲೆ ಆಡಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ."

"ನನ್ನ ಅಪ್ಪನಿಗೆ ಬಂತು."

ನಮ್ಮವರು ಡೇರೆಗೆ ಇನ್ನೊಂದು ಗಂಟು ಹಾಕಿದರು. ಕ್ಷಮಾ ಪುಸ್ತಕ ಕೆಳಗಿಟ್ಟಳು. "ಪಪ್ಪಾ, ಅಜ್ಜ ಪರ್ಮನೆಂಟ್ ಆಗಿ ಡೆಡ್ಡಾ, ಇಲ್ಲಾ ಪೂಜಾ ತನಕ ಮಾತ್ರನಾ?"

"ಹದಿಮೂರು ದಿನ," ಎಂದರು ನಮ್ಮವರು.

ಮದುವೆಯಾದ ಮಗಳಿಗೆ ತಂದೆಯ ಸೂತಕ ಮೂರೇ ದಿನ ಎಂದು ಬಾಬ್ಲುದಾ ಹೇಳಿದ್ದರಂತೆ. ಮೂರು ದಿನಕ್ಕೆ ಆನೆ ಮತ್ತೆ ಎದ್ದುಬಿಡುತ್ತದೆ. ಆನೆಯನ್ನು ಬಿಚ್ಚುವುದು ಲಕ್ಷ್ಮೀಪೂಜೆಯ ನಂತರ. ಆದ್ದರಿಂದ ಇವರು, ಒಂದಕ್ಷರ ಹೇಳದ ಅದೇ ಬಾಯಲ್ಲಿ, ನಮ್ಮಲ್ಲಿ ಹದಿಮೂರು ಎಂದಿದ್ದರು.

ಕೂಡಲೇ ಕೆಳಗಿಳಿದು ನಿಜ ಹೇಳಬೇಕೆಂದು ಬಾಗಿಲ ತನಕ ಹೋದೆ. ಅಷ್ಟರಲ್ಲಿ ಗಲ್ಲಿ ಕತ್ತಲಾಯಿತು. ಬಾಬ್ಲುದಾ ಬರೀ ಆನೆಯನ್ನು ಆರಿಸಿರಲಿಲ್ಲ. ತಿರುವಿನಿಂದ ನಮ್ಮ ಗೇಟಿನವರೆಗಿನ ಸರಮಾಲೆ, ಕಮಾನು, ನವಿಲು, ಎಲ್ಲವೂ ಆರಿದವು. ಡೋಲಿನವರಿಗೆ ಆ ಕಡೆ ಮುಖ ಮಾಡಿ ಬಾರಿಸಲು ಹೇಳಿದ್ದರು. ಡೇರೆಯೊಳಗೆ ಗಿಡ ಕಣ್ಣಿಗೇ ಕಾಣದಷ್ಟು ಒಳ್ಳೆಯ ಕತ್ತಲೆ. ಮೇಜಿನ ಮೇಲೆ ಅಶ್ವಿತ್‌ನ ಪರೀಕ್ಷೆಯ ಪುಸ್ತಕಗಳು. ನಾನು ಬಾಗಿಲು ಹಾಕಿ ಒಳಗೆ ಬಂದೆ. ಆ ಹೊತ್ತಿನಿಂದ ಈ ಪಾಪದಲ್ಲಿ ಅರ್ಧ ನನ್ನದು.

ಮುಂದಿನ ದಿನಗಳಲ್ಲಿ ಮನೆ ತುಂಬ ಹಣ್ಣು, ಬೆಳ್ತಿಗೆ ಅಕ್ಕಿ, ತುಪ್ಪ, ಬಾಳೆಕಾಯಿ. ಸೂತಕದವರು ಬೇಯಿಸಿದ ಅನ್ನ, ಬೇಯಿಸಿದ ಕಾಯಿ ಬಿಟ್ಟು ಬೇರೆ ಮುಟ್ಟಬಾರದು. ಎದುರು ಮನೆಯಿಂದ ಸಾಸಿವೆ ಎಣ್ಣೆಯಲ್ಲಿ ಮೀನು ಹುರಿಯುವ ವಾಸನೆ ಬಂದಾಗ ನಾವು ನಾಲ್ವರೂ ಕಿಟಕಿಯ ಬಳಿ ನಿಂತು ಉಸಿರೆಳೆಯುತ್ತಿದ್ದೆವು. ಅಶ್ವಿತ್ ರಾಸ್‌ಬಿಹಾರಿ ರಸ್ತೆಯಲ್ಲಿ ಎಗ್ ರೋಲ್ ತಿನ್ನುವಾಗ ರುಮಾ ಬೌದಿಯ ಕಣ್ಣಿಗೆ ಬಿದ್ದ. ಅವರು ನನ್ನ ಹತ್ತಿರ ಬಂದು, "ಬೈಯಬೇಡ ಆಶಾ. ಅಜ್ಜನನ್ನು ಕಳೆದುಕೊಂಡ ಮಗು, ದುಃಖಕ್ಕೆ ತಿಂದಿದೆ," ಎಂದರು. ಅವರೇ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಅದಕ್ಕಿಂತ ಕೆಟ್ಟದ್ದು ಪಂಚಮಿಯ ದಿನ ಆಯಿತು. ದೀಪಾಲಂಕಾರದ ಸ್ಪರ್ಧೆಯ ತೀರ್ಪುಗಾರರು ಬಂದರು. ಅರ್ಧ ಗಲ್ಲಿ ಕತ್ತಲೆ. ಇದು ನಿಮ್ಮ ಪೂಜೆಯ ವಿಷಯವಸ್ತುವೇ ಎಂದು ಅವರು ಕೇಳಿದರು. ಬಾಬ್ಲುದಾ, "ವಿಷಯವಸ್ತು ಅಲ್ಲ ಸರ್. ನಮ್ಮವರೊಬ್ಬರ ಮನೆಯಲ್ಲಿ ಸಾವಾಗಿದೆ," ಎಂದರು. ತೀರ್ಪುಗಾರರು ಏನೋ ಬರೆದುಕೊಂಡು ಹೋದರು. ಮೂರು ವರ್ಷದಿಂದ ಆ ಬಹುಮಾನ ಈ ಗಲ್ಲಿಯದ್ದೇ ಆಗಿತ್ತು. ನಾನು ಬಾಲ್ಕನಿಯಿಂದ ಎಲ್ಲ ಕೇಳಿಸಿಕೊಂಡು, ಬಾಳೆಕಾಯಿಯ ತಟ್ಟೆಯನ್ನು ಒಳಗಿಟ್ಟು ಬಂದೆ.

ಆ ಸಂಜೆ ಮಾಶಿಮಾ ಮೊಣಕಾಲು ನೋವಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಕತ್ತಲೆಯಲ್ಲಿ ನನ್ನ ಪಕ್ಕ ಕೂತು ಕೈ ಹಿಡಿದುಕೊಂಡರು.

"ಅವರು ಹೋದ ಮೇಲೆ ದೀಪ ನೋಡಿದರೆ ಕಣ್ಣು ಉರಿಯುತ್ತಿತ್ತು," ಎಂದರು. "ಪೂಜೆ ಬಂತಲ್ಲ, ಎಲ್ಲಿ ಅಡಗಲಿ ಎಂದು ಹೆದರಿದ್ದೆ. ನಿನ್ನ ಅಪ್ಪ ಪುಣ್ಯವಂತರು. ಅವರಿಂದಾಗಿ ಈ ವರ್ಷ ನಮ್ಮ ಮನೆಯೆದುರು ಕತ್ತಲೆ. ವರಾಂಡದಲ್ಲಿ ಕೂತು ಅಳಲಿಕ್ಕಾಗುತ್ತದೆ."

ಎಂಟು ತಿಂಗಳಲ್ಲಿ ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಪುಣ್ಯವಂತರಾದ ನನ್ನ ಅಪ್ಪ ಆ ಹೊತ್ತಿಗೆ ಬೆಂಗಳೂರಿನಲ್ಲಿ ಗಾಡಿ ಬದಲಿಸುತ್ತಿದ್ದರು.

ಅಪ್ಪನಿಗೆ ಬರಬೇಡಿ ಎಂದು ಫೋನಿನಲ್ಲಿ ಹೇಳಲು ಮೂರು ಸಲ ಪ್ರಯತ್ನಿಸಿದ್ದೆ. ಜನ ಜಾಸ್ತಿ ಎಂದೆ, ಜನ ನೋಡಲಿಕ್ಕೇ ಬರುವುದು ಎಂದರು. ನೀವು ತೀರಿಕೊಂಡಿದ್ದೀರಿ ಎಂದು ಹೇಳಲು ನಾಲಿಗೆ ಹೊರಳಲಿಲ್ಲ. ಕೊನೆಗೆ ನಮ್ಮವರು ಒಂದು ಯೋಜನೆ ಹಾಕಿದರು. ಸಪ್ತಮಿಯ ಬೆಳಿಗ್ಗೆ ತಾವೇ ಹೌರಾಕ್ಕೆ ಹೋಗಿ, ಅಪ್ಪನನ್ನು ನೇರ ಸಾಲ್ಟ್ ಲೇಕಿಗೆ, ರೈಲ್ವೆಯಲ್ಲಿರುವ ಗೆಳೆಯ ಓಂಕಾರಪ್ಪನವರ ಮನೆಗೆ ಸಾಗಿಸುವುದು. ಸೂತಕ ಕಳೆಯುವವರೆಗೆ ಅಪ್ಪ ಅಲ್ಲೇ ಇರುವುದು.

ಹೌರಾದಲ್ಲಿ ಹಳೆಯ ನಿಲ್ದಾಣ ಒಂದು, ಹೊಸ ನಿಲ್ದಾಣ ಒಂದು. ದಕ್ಷಿಣದ ಗಾಡಿಗಳು ಹೊಸದಕ್ಕೆ ಬರುತ್ತವೆ. ನಮ್ಮವರು ಹಳೆಯದರಲ್ಲಿ ಎರಡು ಗಂಟೆ ನಿಂತರು.

ಹತ್ತೂವರೆಗೆ ಹಳದಿ ಟ್ಯಾಕ್ಸಿಯೊಂದು ಪೆಂಡಾಲಿನ ಮುಂದೆಯೇ ನಿಂತಿತು. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ತೆಂಗಿನಕಾಯಿಯ ಚೀಲ. ನಾನು ಬಾಲ್ಕನಿಯಿಂದ ನೋಡಿದೆ. ಅಪ್ಪ ಐವತ್ತು ವರ್ಷದ ಹಿಂದೆ ಕಲಿತ ಹಿಂದಿಯಲ್ಲಿ ಬಾಬ್ಲುದಾರ ಹತ್ತಿರ ಮನೆ ಯಾವುದೆಂದು ಕೇಳುತ್ತಿದ್ದರು.

"ನಾನು ರಮಾನಾಥರ ಮಾವ."

"ಯಾವ ಮಾವ?"

"ಇರುವುದು ಒಬ್ಬನೇ. ಹೆಂಡತಿಯ ಅಪ್ಪ."

ಡೋಲು ನಿಂತಿತು. ಅಂಜಲಿಗೆ ಹೂವು ಹಿಡಿದವರು ಹೂವನ್ನು ಹಾಗೇ ಹಿಡಿದುಕೊಂಡರು. ಬಾಬ್ಲುದಾ ಹಿಂದಕ್ಕೆ ನಡೆದು ನಡೆದು ಪ್ಲಾಸ್ಟಿಕ್ ಕುರ್ಚಿಯೊಂದು ಸಿಕ್ಕಿದ ಕಡೆ ಕೂತರು. ರುಮಾ ಬೌದಿ ಮುಂದೆ ಬಂದು, ಅಪ್ಪನ ಮುಂಗೈಯನ್ನು ಒಂದು ಬೆರಳಿನಿಂದ ಮುಟ್ಟಿ, "ಬೆಚ್ಚಗಿದೆ," ಎಂದು ಸಭೆಗೆ ವರದಿ ಮಾಡಿದರು.

ನಾನು ಮೆಟ್ಟಿಲಿಳಿದು ಓಡುವಷ್ಟರಲ್ಲಿ ಅಪ್ಪನಿಗೆ ಎಲ್ಲ ಗೊತ್ತಾಗಿತ್ತು. ಆರಿಸಿಟ್ಟ ಸರಮಾಲೆಯನ್ನೂ ಆನೆಯನ್ನೂ ತೋರಿಸಿ ಬಾಬ್ಲುದಾ ಹೇಳಿದ್ದರು.

"ಆಶಾ, ನಾನು ಹೋಗಿ ಆರು ದಿನ ಆಯ್ತಂತೆ." ಅಪ್ಪನ ಸ್ವರ ಸಣ್ಣಗಿತ್ತು. "ಸೂತಕ ಎಷ್ಟು ದಿವಸ ಅಂತ ಹೇಳಿದ್ದು?"

"ಹದಿಮೂರು."

"ಮದುವೆಯಾದ ಮಗಳಿಗೆ ಮೂರೇ ಅಲ್ವಾ? ಇಷ್ಟೂ ಗೊತ್ತಿಲ್ಲದಿದ್ದರೆ ನಾಳೆ ನಿಜವಾಗಿ ಹೋದಾಗ ಎಂತ ಮಾಡ್ತೀರಿ ನೀವು?"

ಅಷ್ಟರಲ್ಲಿ ನಮ್ಮವರು ಬೆವರು ಒರೆಸುತ್ತ ಗಲ್ಲಿಗೆ ಬಂದರು. ಮಾವ ಸಿಗಲಿಲ್ಲ ಎಂದು ರೈಲ್ವೆ ಪೊಲೀಸರಿಗೆ ದೂರು ಕೊಟ್ಟು ಬಂದಿದ್ದರಂತೆ. ಕಾಣೆಯಾದವರು ಕುರ್ಚಿಯಲ್ಲಿ ಕೂತು ಚಹಾ ಕುಡಿಯುವುದನ್ನು ನೋಡಿ, ತಿರುಗಿ ಹೋಗಲು ನೋಡಿದರು. ಬಾಬ್ಲುದಾ ಎದ್ದು ಅಡ್ಡ ನಿಂತರು.

"ದಾದಾ, ಇದೇನು?"

ನಮ್ಮವರು ತಲೆಯನ್ನು ಉದ್ದವೂ ಅಲ್ಲದೆ ಅಡ್ಡವೂ ಅಲ್ಲದೆ ಒಂದು ಬಗೆಯಲ್ಲಿ ಆಡಿಸಿದರು. ಉತ್ತರ ಕೊಟ್ಟದ್ದು ಕ್ಷಮಾ, ಅದೂ ಇಡೀ ಪೆಂಡಾಲಿಗೆ ತಿಳಿಯುವ ಬಂಗಾಳಿಯಲ್ಲಿ: "ಮಾಶಿಮಾರ ಗಿಡಕ್ಕೆ ಕತ್ತಲೆ ಬೇಕಿತ್ತು. ಅದಕ್ಕೆ ಪಪ್ಪಾ ಅಜ್ಜನನ್ನು ಸಾಯಿಸಿದರು."

ಎಲ್ಲರೂ ಮಾಶಿಮಾರ ಕಡೆ ತಿರುಗಿದರು. ಅವರು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು.

"ಅವರು ಹೇಳಬೇಕಾದ್ದನ್ನು ನೀನು ಬಟ್ಟೆ ಕಟ್ಟಿ ಹೇಳಿಸುತ್ತಿದ್ದೀಯಾ ರಮಾನಾಥ?"

ನನ್ನ ಗಂಡನಿಗೆ ಜನ್ಮದಲ್ಲಿ ಒಂದು ಸಲ ಸರಿಯಾದ ಮಾತು ಹೊಳೆದದ್ದು ಆಗ. "ಕತ್ತಲೆ ಮಾತ್ರ ನಾನು ಮಾಡಿದ್ದು ಮಾಶಿಮಾ. ಕೆಂಪು ಮಾಡಲು ನನ್ನಿಂದ ಆಗುವುದಿಲ್ಲ. ಅದು ಬರುವುದಾದರೆ ಅದಾಗಿಯೇ ಬರಬೇಕು."

ಮಾಶಿಮಾ ತಲೆಯೆತ್ತಿ ನಮ್ಮ ಬಾಲ್ಕನಿಯ ಕಡೆ ನೋಡಿದರು.

"ಸರಿ, ಗಿಡ ಹಾಗೇ ಇರಲಿ," ಎಂದರು. "ಬಾಬ್ಲು, ನಿನ್ನ ಆನೆ?"

ಬಾಬ್ಲುದಾರ ಕಣ್ಣಲ್ಲಿ ಹೋದ ಬಹುಮಾನ ಕಾಣುತ್ತಿತ್ತು. "ಹಚ್ಚಲೇಬೇಕು ಮಾಶಿಮಾ. ಇನ್ನು ನಾಲ್ಕು ದಿನವಾದರೂ. ಬೇಕಾದರೆ ಆನೆಯ ಮುಖವನ್ನು ಆ ಕಡೆ ತಿರುಗಿಸುತ್ತೇನೆ."

ಆನೆಯನ್ನು ತಿರುಗಿಸಲು ಹನ್ನೊಂದು ಜನ ಬೇಕಾದರು. ಮುಖ ಆ ಕಡೆ ಹೋಯಿತು. ಬಾಲ ನಮ್ಮ ಬಾಲ್ಕನಿಯ ಒಂದು ಮೂಲೆಗೆ ಬಂತು. ಬಾಲದಲ್ಲೂ ದೀಪವಿತ್ತು.

ಇಷ್ಟರಲ್ಲಿ ಪುರೋಹಿತರು ಗಂಟಲು ಸರಿಮಾಡಿಕೊಂಡರು. ಸತ್ತನೆಂದು ಊರೆಲ್ಲ ಸೂತಕ ಹಿಡಿದ ಮೇಲೆ ಬದುಕಿ ಬಂದವನು ಹಾಗೇ ಮನೆಯೊಳಗೆ ಹೋಗುವಂತಿಲ್ಲವಂತೆ. ಅವನು ಹೊಸದಾಗಿ ಹುಟ್ಟಿದವನ ಲೆಕ್ಕ. ಮಗುವಿಗೆ ಮಾಡುವ ಅನ್ನಪ್ರಾಶನ ಅವನಿಗೂ ಆಗಬೇಕು. ಬಂಗಾಳದಲ್ಲಿ ಮಗುವಿಗೆ ಮೊದಲ ಪಾಯಸ ತಿನ್ನಿಸುವವನು ಸೋದರಮಾವ. ಅಪ್ಪನಿಗೆ ಸೋದರಮಾವ ಯಾರು ಎಂದು ಚರ್ಚೆಯಾಗಿ, ತಪ್ಪಿನ ದಂಡವಾಗಿ ನಮ್ಮವರು ಪಾಯಸದ ಖರ್ಚು ಹೊರಬೇಕೆಂದೂ ಬಾಬ್ಲುದಾ ಮಾವನಾಗಬೇಕೆಂದೂ ತೀರ್ಮಾನವಾಯಿತು.

ಸಂಜೆ ನನ್ನ ಅಪ್ಪ, ಎಪ್ಪತ್ತಾರು ವರ್ಷದ ನಿವೃತ್ತ ಪೋಸ್ಟ್‌ಮಾಸ್ಟರ್, ಬೆಂಡಿನ ಬಿಳಿ ಕಿರೀಟ ತೊಟ್ಟು ಮಣೆಯ ಮೇಲೆ ಕೂತರು. ಶಂಖ ಊದಿದರು. ಹೆಂಗಸರು ನಾಲಿಗೆ ಹೊರಳಿಸಿ ಉಲು ಉಲು ಎಂದು ಮಂಗಳಧ್ವನಿ ಮಾಡಿದರು. ನಲವತ್ತೈದರ ಬಾಬ್ಲುದಾ ಚಮಚ ಮುಂದೆ ಹಿಡಿದು, "ಬಾಯಿ ತೆರೆಯಿರಿ," ಎಂದರು.

"ಪಾಯಸ ಪರವಾಗಿಲ್ಲ," ಎಂದರು ಅಪ್ಪ ನನ್ನ ಕಡೆ ವಾಲಿ. "ನೋಡು, ಕುಂದಾಪುರದಲ್ಲಿ ನಾನು ನಿಜವಾಗಿ ಹೋದರೂ ಇಷ್ಟು ಜನ ಸೇರುದಿಲ್ಲ." ನಮ್ಮವರ ಕಡೆ ತಿರುಗಿ, "ನಿಮಗೆ ಮಾತ್ರ ಒಂದು ಮಾತು. ಮುಂದಿನ ಸಲ ಮೊದಲೇ ಒಂದು ಫೋನ್ ಮಾಡಿ," ಎಂದರು.

ನವೆಂಬರ್ ತುಂಬ ನಾವು ಡೇರೆ ಕಟ್ಟಿದೆವು, ಬಿಚ್ಚಿದೆವು. ಕಾಳಿಪೂಜೆ ಕಳೆಯಿತು. ಡಿಸೆಂಬರಿನ ಮೊದಲ ವಾರ ಒಂದು ಎಲೆಯ ಬುಡದಲ್ಲಿ ಕೆಂಪು ಕಂಡಾಗ ನಮ್ಮವರು ಬ್ಯಾಂಕಿಗೆ ರಜೆ ಹಾಕಿದರು. ಎರಡನೆಯ ವಾರ ಅವರು ಮಾತು ನಿಲ್ಲಿಸಿದರು. ಕಾರಣ ಕೇಳಿದರೆ ಡೇರೆಯ ಕಡೆ ಕೈ ತೋರಿಸಿದರು.

ಕ್ರಿಸ್‌ಮಸ್ಸಿನ ಬೆಳಿಗ್ಗೆ ಪಾರ್ಥ ಒಂದು ಕೈಯಲ್ಲಿ ಕೇಕು, ಇನ್ನೊಂದು ಕೈಯಲ್ಲಿ ಸಹಿ ಹಾಕಬೇಕಾದ ಕಾಗದ ಹಿಡಿದು ಬಂದ. ತಾಯಿಯನ್ನು ತೋಳು ಹಿಡಿದು ಮೇಲೆ ಕರೆತಂದ. ನಮ್ಮವರು ತೊಟ್ಟಿಯನ್ನು ಮೊದಲೇ ತಿರುಗಿಸಿ ಇಟ್ಟಿದ್ದರು. ಬಾಗಿಲಿನಿಂದ ನೋಡಿದರೆ ಇಡೀ ಗಿಡ ಉರಿಯುವಂತೆ ಕೆಂಪು. ಮಾಶಿಮಾ ಬಾಗಿಲಲ್ಲಿ ನಿಲ್ಲಲಿಲ್ಲ. ಗೋಡೆ ಹಿಡಿದುಕೊಂಡು ತೊಟ್ಟಿಗೆ ಒಂದು ಸುತ್ತು ಬಂದರು.

ಆನೆಯ ಬಾಲ ಬೆಳಗಿದ ಅರ್ಧದಲ್ಲಿ ಒಂದೇ ಒಂದು ಎಲೆಯೂ ಕೆಂಪಾಗಿರಲಿಲ್ಲ. ನಡುವೆ ಗೆರೆ ಎಳೆದು ಬಣ್ಣ ಹೊಡೆದ ಹಾಗೆ, ಆ ಕಡೆ ಕೆಂಪು, ಈ ಕಡೆ ಬಸಳೆ.

"ಆಗಿಲ್ಲ ಮಾ," ಎಂದ ಪಾರ್ಥ.

"ಆಗಿದೆ," ಎಂದರು ನಮ್ಮವರು.

"ಅರ್ಧ ಹಸಿರಿದೆ."

"ಅರ್ಧ ಕೆಂಪಿದೆಯಲ್ಲ."

ಅಶ್ವಿತ್ ಪುಸ್ತಕ ಮುಚ್ಚಿ ಬಂದು ನನ್ನ ಹಿಂದೆ ನಿಂತ. ಮಾಶಿಮಾ ಕೆಂಪಿನ ಕಡೆಯಿಂದ ಒಮ್ಮೆ, ಹಸಿರಿನ ಕಡೆಯಿಂದ ಒಮ್ಮೆ ನೋಡಿ, ಕುರ್ಚಿ ಎಳೆದುಕೊಂಡು ಕೂತರು. ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಪಾರ್ಥ ನೀರು ತರಲು ಓಡಿದ. ಅವರು ನಗುತ್ತಿದ್ದರು.

"ಐವತ್ತಮೂರು ವರ್ಷ ಅವರ ಜೊತೆ ಸಂಸಾರ ಮಾಡಿದೆ," ಎಂದರು. "ಅರ್ಧ ಬಣ್ಣ ಹೊಡೆದ ಬಾಗಿಲು, ಅರ್ಧ ಓದಿದ ಪುಸ್ತಕ, ಅರ್ಧ ಹೇಳಿ ಎದ್ದು ಹೋದ ಮಾತು. ಇದು ಪೂರ್ತಿ ಕೆಂಪಾಗಿದ್ದರೆ ರಮಾನಾಥನ ಕೆಲಸ ಅಂದುಕೊಳ್ಳುತ್ತಿದ್ದೆ. ಇದು ಅವರದೇ. ಬೇರೆ ಯಾರಿಂದಲೂ ಇಷ್ಟು ಸರಿಯಾಗಿ ಅರ್ಧ ಬಿಡಲು ಆಗುವುದಿಲ್ಲ."

ಪಾರ್ಥ ನೀರಿನ ಲೋಟ ಹಿಡಿದು ನಿಂತೇ ಇದ್ದ. ಅವನ ಮುಖ ನೋಡಿ ಅವರಿಗೆ ಕನಿಕರವಾಯಿತು. "ಬೇಸಿಗೆಯಲ್ಲಿ ನಿನ್ನ ಎ.ಸಿ. ಕೋಣೆಗೆ ಬರುತ್ತೇನೆ. ಎಲೆ ಹಸಿರಿರುವಷ್ಟು ದಿನ ಅಲ್ಲಿ. ಪೂಜೆ ಬಂತೆಂದರೆ ಇಲ್ಲಿ. ಆ ಕಾಗದ ಒಳಗಿಡು, ಕೇಕು ಕೊಡು."

ಅವರೆಲ್ಲ ಕೇಕು ಕತ್ತರಿಸಲು ಕೆಳಗಿಳಿದರು. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಎರಡು ವಾರದಿಂದ ಯಾರಿಗೂ ಹೇಳದೆ ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿಟ್ಟಿದ್ದ ಸ್ಟೀಲ್ ಲೋಟಗಳನ್ನು ಒಂದೊಂದಾಗಿ ಬಿಚ್ಚತೊಡಗಿದೆ.